ಆಡುವವರು ಏನು ಬೇಕಾದರೂ ಬರೆಯಲಿ

ಮಗಳೇ, ನೀನು ಬರೆದ ಸಂಖ್ಯೆ ಊಹಿಸುವ ಆಟವನ್ನು ತಮ್ಮ ಆಡಲು ಕೂತನಂತೆ. ‘ಐವತ್ತು’ ಎಂದು ಅಕ್ಷರದಲ್ಲಿ ಬರೆದು ಎಂಟರ್ ಒತ್ತಿದನಂತೆ. ಪರದೆ ತುಂಬ ಇಂಗ್ಲಿಷ್ ಸಾಲುಗಳು ಸುರಿದು ಆಟ ಅಲ್ಲಿಗೇ ನಿಂತಿತಂತೆ. ‘ನಂಬರ್ ಹೊಡಿ ಅಂದ್ರೆ ಅಷ್ಟೂ ಗೊತ್ತಾಗಲ್ವಾ ನಿಂಗೆ’ ಎಂದು ನೀನು ಅವನನ್ನು ಗದರಿದೆಯಂತೆ. ಆಟ ನಿಂತದ್ದಕ್ಕೆ ನನಗೆ ಬೇಸರವಿಲ್ಲ, ಪೈಥಾನ್ ಕಲಿಯುವವರ ಮೊದಲ ಆಟಗಳೆಲ್ಲ ಹೀಗೇ ನಿಲ್ಲುತ್ತವೆ. ಗದರಿದ್ದು ಮಾತ್ರ ನನಗೆ ಒಪ್ಪಿಗೆಯಾಗಲಿಲ್ಲ. ಆಟ ಒಂದು ಸಂಖ್ಯೆ ಕೇಳಿತು, ಅವನು ಒಂದು ಸಂಖ್ಯೆಯನ್ನೇ ಹೇಳಿದ. ಅದನ್ನು ಅಂಕಿಯಲ್ಲಿ ಬರೆಯಬೇಕೆಂದು ನಿನ್ನ ಆಟ ಎಲ್ಲೂ ಹೇಳಿರಲಿಲ್ಲ. ಆಡುವವರು ಏನು ಬೇಕಾದರೂ ಬರೆಯಬಹುದು, ಖಾಲಿ ಎಂಟರ್ ಒತ್ತಬಹುದು, ಬೆಕ್ಕು ಕೀಬೋರ್ಡಿನ ಮೇಲೆ ನಡೆಯಬಹುದು. ಅದನ್ನೆಲ್ಲ ತಾಳಿಕೊಳ್ಳುವ ಜವಾಬ್ದಾರಿ ಆಟ ಬರೆದವಳದು. ಈ ಮಾತನ್ನು ಮೊದಲು ಮನಸ್ಸಿಗೆ ತಂದುಕೊ. ಆಮೇಲೆ ರಿಪೇರಿ ಕಷ್ಟವಲ್ಲ.

ಸುರಿದ ಆ ಇಂಗ್ಲಿಷ್ ಸಾಲುಗಳನ್ನು ಕಂಡು ಹೆದರಿ ಕಿಟಕಿ ಮುಚ್ಚಬೇಡ. ಅವನ್ನು ಕೆಳಗಿನಿಂದ ಮೇಲಕ್ಕೆ ಓದು. ಕೊನೆಯ ಸಾಲಿನಲ್ಲಿ ಏನಾಯಿತು ಎಂಬುದಿರುತ್ತದೆ, ಅದರ ಮೇಲಿನ ಸಾಲುಗಳಲ್ಲಿ ಎಲ್ಲಾಯಿತು ಎಂಬುದಿರುತ್ತದೆ. ತಮ್ಮ ಆಡಿದಾಗ ಬಂದ ಕೊನೆಯ ಸಾಲು ‘ವ್ಯಾಲ್ಯೂಎರರ್’ ಎಂದು ಶುರುವಾಗಿ, ‘ಇನ್‌ವ್ಯಾಲಿಡ್ ಲಿಟರಲ್ ಫಾರ್ ಇಂಟ್’ ಎಂದು ಮುಂದುವರಿದು, ಕೊನೆಗೆ ಅವನು ಬರೆದ ‘ಐವತ್ತು’ ಎಂಬ ಪದವನ್ನೇ ತೋರಿಸಿರುತ್ತದೆ. ‘ಇಂಟ್’ ಫಂಕ್ಷನ್‌ಗೆ ಕೊಟ್ಟ ಪದ ಪೂರ್ಣಾಂಕವಾಗಿ ಓದಲು ಬರುವಂಥದ್ದಲ್ಲ ಎಂಬುದಷ್ಟೇ ಅದರ ದೂರು. ಯಾವ ಸಾಲು, ಯಾವ ಪದ, ಏನು ತೊಂದರೆ ಎಂದು ಇಷ್ಟು ಬಿಡಿಸಿ ಹೇಳುವ ಎರರ್‌ಗೆ ಬೆನ್ನು ತಿರುಗಿಸಬಾರದು.

ಇನ್ನು ಬುಡಕ್ಕೆ ಬರೋಣ. ಪೈಥಾನ್ 3ರಲ್ಲಿ ‘ಇನ್‌ಪುಟ್’ ಫಂಕ್ಷನ್ ಯಾವಾಗಲೂ ಸ್ಟ್ರಿಂಗನ್ನೇ ತಂದುಕೊಡುತ್ತದೆ. 50 ಎಂದು ಅಂಕಿಯಲ್ಲೇ ಒತ್ತಿದರೂ ನಿನ್ನ ಕೈಗೆ ಬರುವುದು ಐದು ಮತ್ತು ಸೊನ್ನೆ ಎಂಬ ಎರಡು ಅಕ್ಷರಗಳ ಸಾಲು, ಐವತ್ತೆಂಬ ಬೆಲೆಯಲ್ಲ. ಮೊದಲು ಹೀಗಿರಲಿಲ್ಲ. ಪೈಥಾನ್ 2ರಲ್ಲಿ ಇದೇ ‘ಇನ್‌ಪುಟ್’ ಆಡುವವರು ಬರೆದದ್ದನ್ನು ಪೈಥಾನ್ ಕೋಡ್ ಎಂದೇ ತಿಳಿದು ಚಲಾಯಿಸಿಬಿಡುತ್ತಿತ್ತು. ಗುಟ್ಟಿನ ಸಂಖ್ಯೆಯನ್ನು ‘ಸೀಕ್ರೆಟ್’ ಎಂಬ ವೇರಿಯಬಲ್‌ನಲ್ಲಿ ಇಟ್ಟಿದ್ದೀಯೆಂದುಕೊ. ಆಡುವವನು ಸಂಖ್ಯೆಯ ಬದಲು ಆ ವೇರಿಯಬಲ್ ಹೆಸರನ್ನೇ ಬರೆದರೆ ಮೊದಲ ಊಹೆಯಲ್ಲೇ ಗೆಲ್ಲುತ್ತಿದ್ದ. 2008ರ ಡಿಸೆಂಬರ್‌ನಲ್ಲಿ ಬಂದ ಪೈಥಾನ್ 3 ಆ ಬಾಗಿಲನ್ನು ಮುಚ್ಚಿತು. 2020ರ ಜನವರಿ 1ಕ್ಕೆ ಪೈಥಾನ್ 2ರ ಅಧಿಕೃತ ಆಯುಸ್ಸೇ ಮುಗಿಯಿತು. ಆದರೂ ಹಳೆಯ ಪಾಠಗಳು ಇನ್ನೂ ಓಡಾಡುತ್ತಿವೆ. ಅವುಗಳಲ್ಲಿ ‘ರಾ ಇನ್‌ಪುಟ್’ ಎಂಬ ಹೆಸರು ಕಂಡರೆ ಆ ಪಾಠ ನಿನಗಲ್ಲ ಎಂದು ತಿಳಿ. ಯಾರಾದರೂ ಬುದ್ಧಿವಂತರು ‘ಇನ್‌ಪುಟ್ ಸುತ್ತ ಇವ್ಯಾಲ್ ಹಾಕು, ಸಂಖ್ಯೆ ತಾನೇ ಆಗುತ್ತೆ’ ಎಂದರೆ ಕೇಳಲೇಬೇಡ. ಇವ್ಯಾಲ್ ಕೂಡ ಬರೆದದ್ದನ್ನು ಕೋಡ್ ಎಂದೇ ಚಲಾಯಿಸುತ್ತದೆ, ಮುಚ್ಚಿದ ಬಾಗಿಲನ್ನು ಮತ್ತೆ ತೆರೆದಂತೆ. ನಿನ್ನ ಕಂಪ್ಯೂಟರಿನ ಫೈಲುಗಳನ್ನು ಅಳಿಸುವ ಸಾಲೊಂದನ್ನು ಆಡುವವರು ಬರೆದರೆ ಅದೂ ಚಲಿಸಿಬಿಡುತ್ತದೆ.

ಸ್ಟ್ರಿಂಗನ್ನು ಸಂಖ್ಯೆ ಮಾಡಲು ಮರೆತರೆ ಎರಡು ಬಗೆಯಲ್ಲಿ ಪೆಟ್ಟು ಬೀಳುತ್ತದೆ. ಒಂದು ಗದ್ದಲದ್ದು. ಸ್ಟ್ರಿಂಗ್ ದೊಡ್ಡದೋ ಸಂಖ್ಯೆ ದೊಡ್ಡದೋ ಎಂದು ಹೋಲಿಸಿದ ಕೂಡಲೇ ಪೈಥಾನ್ 3 ‘ಟೈಪ್‌ಎರರ್’ ಎಂದು ಕೂಗಿ ನಿಲ್ಲುತ್ತದೆ. ಇದು ಒಳ್ಳೆಯದೇ, ಕೂಗಿದರೆ ನಮಗೆ ಗೊತ್ತಾಗುತ್ತದೆ. ಇನ್ನೊಂದು ಸದ್ದಿಲ್ಲದ್ದು, ಅದೇ ಹೆಚ್ಚು ಕಾಡುವುದು. ‘ಸ್ಟ್ರಿಂಗ್ 1’ ಮತ್ತು ‘ಸಂಖ್ಯೆ 1’ ಸಮವೇ ಎಂದು ಕೇಳಿದರೆ ಪೈಥಾನ್ ಎರರ್ ಕೊಡುವುದಿಲ್ಲ, ‘ಅಲ್ಲ’ ಎಂದು ಹೇಳಿ ಮುಂದೆ ಹೋಗುತ್ತದೆ. ಕಲ್ಲು, ಕಾಗದ, ಕತ್ತರಿ ಆಟದಲ್ಲಿ ಕಲ್ಲಿಗೆ 1, ಕಾಗದಕ್ಕೆ 2, ಕತ್ತರಿಗೆ 3 ಎಂದು ಇಟ್ಟು ಈ ತಪ್ಪು ಮಾಡಿದರೆ, ಆಡುವವರು ಏನೇ ಒತ್ತಿದರೂ ‘ತಪ್ಪು ಆಯ್ಕೆ’ ಎಂದೇ ಬರುತ್ತದೆ. ಗಂಟೆಗಟ್ಟಲೆ ಹುಡುಕಿದರೂ ಕೋಡ್‌ನಲ್ಲಿ ತಪ್ಪು ಕಾಣುವುದಿಲ್ಲ, ಏಕೆಂದರೆ ಪರದೆಯ ಮೇಲೆ ಎರಡೂ 1 ಒಂದೇ ಥರ ಕಾಣುತ್ತವೆ. ಇಂಥ ಅನುಮಾನ ಬಂದಾಗ ಆ ವೇರಿಯಬಲ್‌ನ ‘ಟೈಪ್’ ಏನೆಂದು ಪ್ರಿಂಟ್ ಮಾಡಿಸಿ ನೋಡು. ಒಂದೇ ಸಾಲಿನ ಕೆಲಸ.

ರಿಪೇರಿಯ ಮುಖ್ಯ ಭಾಗ ಇದು. ಹೊರಗಿಂದ ಬಂದವರು ಕಾಲು ತೊಳೆದುಕೊಂಡು ಹೊಸ್ತಿಲು ದಾಟುತ್ತಾರಲ್ಲ, ಆಟದೊಳಗೆ ಬರುವ ಪ್ರತಿಯೊಂದು ಪದವೂ ಹಾಗೇ ಒಳಗೆ ಬರಬೇಕು. ಹೊಸ್ತಿಲಲ್ಲಿ ಒಮ್ಮೆ ಶುದ್ಧವಾದರೆ ಒಳಗಿನ ಕೋಣೆಗಳಲ್ಲಿ ಮತ್ತೆ ಮತ್ತೆ ಪರೀಕ್ಷೆ ಬೇಡ. ಅದಕ್ಕಾಗಿ ಒಂದು ಸಣ್ಣ ಫಂಕ್ಷನ್ ಬರೆ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಹಾಗಾಗಿ ‘ಸಂಖ್ಯೆ_ಕೇಳು’ ಎಂದೇ ಕರೆ. ಅದರೊಳಗೆ ಕೊನೆಯಿಲ್ಲದ ‘ವೈಲ್ ಟ್ರೂ’ ಲೂಪ್ ಇರಲಿ. ಲೂಪ್‌ನೊಳಗೆ ‘ಇನ್‌ಪುಟ್’ನಿಂದ ಪದ ತೆಗೆದುಕೊ. ಆಮೇಲೆ ‘ಟ್ರೈ’ ಎಂದು ಬರೆದು ಅದರ ಕೆಳಗೆ ಒಂದೇ ಸಾಲು ಇಡು, ‘ಇಂಟ್’ಗೆ ಪದ ಕೊಟ್ಟು ಸಂಖ್ಯೆ ಪಡೆಯುವ ಸಾಲು. ‘ಎಕ್ಸೆಪ್ಟ್ ವ್ಯಾಲ್ಯೂಎರರ್’ ಕೆಳಗೆ ‘ಅಂಕಿಯಲ್ಲಿ ಬರೆಯಿರಿ, ಉದಾಹರಣೆಗೆ 50’ ಎಂದು ಪ್ರಿಂಟ್ ಮಾಡಿ ‘ಕಂಟಿನ್ಯೂ’ ಹಾಕು, ಲೂಪ್ ಮತ್ತೆ ಮೇಲಕ್ಕೆ ಹೋಗಿ ಕೇಳುತ್ತದೆ. ಅಲ್ಲಿ ಸಿಕ್ಕಿಕೊಳ್ಳದೆ ಕೆಳಗೆ ಬಂದರೆ ಸಂಖ್ಯೆ ಸಿಕ್ಕಿದೆ ಎಂದರ್ಥ. ಅದು 1ರಿಂದ 100ರೊಳಗಿದೆಯೇ ನೋಡು. ಇದ್ದರೆ ‘ರಿಟರ್ನ್’, ಇಲ್ಲದಿದ್ದರೆ ಬೇರೆ ಸೂಚನೆ ಕೊಟ್ಟು ಮತ್ತೆ ಲೂಪ್. ಆಟದ ಉಳಿದ ಭಾಗಕ್ಕೆ ಇಷ್ಟು ಗೊತ್ತಿದ್ದರೆ ಸಾಕು: ಈ ಫಂಕ್ಷನ್ ಕರೆದರೆ 1ರಿಂದ 100ರೊಳಗಿನ ಪೂರ್ಣಾಂಕವೇ ಬರುತ್ತದೆ, ಬೇರೇನೂ ಬರುವುದಿಲ್ಲ.

‘ಟ್ರೈ’ ಕೆಳಗೆ ಒಂದೇ ಸಾಲು ಎಂದದ್ದಕ್ಕೆ ಕಾರಣವಿದೆ. ಇಡೀ ಆಟವನ್ನೇ ‘ಟ್ರೈ’ನೊಳಗೆ ತುರುಕಿದವರ ಕೋಡ್‌ಗಳನ್ನು ನಾನು ಬಹಳ ನೋಡಿದ್ದೇನೆ. ಗುಟ್ಟಿನ ಸಂಖ್ಯೆ ಆರಿಸುವ ‘ರ್‍ಯಾಂಡ್‌ಇಂಟ್’ಗೆ 1, 100 ಎಂದು ಕೊಡುವ ಬದಲು ಅವಸರದಲ್ಲಿ 100, 1 ಎಂದು ತಿರುಗುಮುರುಗು ಕೊಟ್ಟೆ ಎನ್ನು. ಆಗಲೂ ಬರುವುದು ‘ವ್ಯಾಲ್ಯೂಎರರ್’ ಎಂಬ ಎರರೇ. ಇಡೀ ಆಟ ‘ಟ್ರೈ’ನೊಳಗಿದ್ದರೆ ಆ ಎರರ್ ಕೂಡ ನಿನ್ನ ಬಲೆಗೇ ಬಿದ್ದು, ‘ಅಂಕಿಯಲ್ಲಿ ಬರೆಯಿರಿ’ ಎಂದು ಆಡುವವರ ಮೇಲೆ ತಪ್ಪು ಹೊರಿಸುತ್ತದೆ. ಅವರು ಇನ್ನೂ ಏನನ್ನೂ ಬರೆದೇ ಇರುವುದಿಲ್ಲ! ತಪ್ಪು ನಿನ್ನದು, ಬೈಗುಳ ಅವರಿಗೆ. ಎರರ್ ಹೆಸರು ಹೇಳದೆ ಬರಿಯ ‘ಎಕ್ಸೆಪ್ಟ್’ ಹಾಕುವುದು ಇದಕ್ಕಿಂತ ಕೆಟ್ಟದ್ದು. ವೇರಿಯಬಲ್ ಹೆಸರಿನ ಒಂದು ಅಕ್ಷರ ತಪ್ಪಿ ಬರುವ ‘ನೇಮ್‌ಎರರ್’ ಅದರಲ್ಲಿ ಮುಚ್ಚಿಹೋಗುತ್ತದೆ. ಸಾಲದ್ದಕ್ಕೆ, ಆಡುವವರು ಬೇಸತ್ತು ಕಂಟ್ರೋಲ್ ಮತ್ತು ಸಿ ಒತ್ತಿ ಹೊರಬರಲು ನೋಡಿದರೆ ಆ ‘ಕೀಬೋರ್ಡ್‌ಇಂಟರಪ್ಟ್’ ಸಹ ಅದೇ ಬಲೆಯಲ್ಲಿ ಸಿಕ್ಕಿ, ಆಟ ಮತ್ತೆ ‘ಅಂಕಿಯಲ್ಲಿ ಬರೆಯಿರಿ’ ಎನ್ನುತ್ತದೆ. ಬಿಟ್ಟುಹೋಗಲು ಬಿಡದ ಆಟವನ್ನು ಯಾರೂ ಎರಡನೇ ಸಲ ಆಡುವುದಿಲ್ಲ.

ಸೂಚನೆಯ ಮಾತುಗಳ ಬಗ್ಗೆ ಸ್ವಲ್ಪ ಹೆಚ್ಚು ಹೇಳುತ್ತೇನೆ, ಏಕೆಂದರೆ ಕಲಿಯುವವರು ಇದನ್ನು ಕೊನೆಗೆ ಮಾಡುವ ಅಲಂಕಾರವೆಂದು ತಿಳಿಯುತ್ತಾರೆ. ‘ತಪ್ಪು’ ಎಂದಷ್ಟೇ ಹೇಳಿದರೆ ಏನು ತಪ್ಪು, ಮುಂದೇನು ಮಾಡಬೇಕು ಎಂದು ಗೊತ್ತಾಗುವುದಿಲ್ಲ. ಥೆರಾಕ್-25 ಎಂಬ ಯಂತ್ರದ ಕತೆಯನ್ನು ನೀನು ಮುಂದೊಂದು ದಿನ ಓದಲೇಬೇಕು. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಕೊಡುವ ಯಂತ್ರ ಅದು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಅದರಿಂದ ಆರು ಮಂದಿಗೆ ಮಿತಿಮೀರಿದ ವಿಕಿರಣ ತಗುಲಿತು, ಅವರಲ್ಲಿ ಕೆಲವರು ಅದರಿಂದಲೇ ಸತ್ತರು. 1986ರಲ್ಲಿ ಟೆಕ್ಸಾಸ್‌ನ ಟೈಲರ್ ಊರಿನಲ್ಲಿ ನಡೆದದ್ದು ನಮ್ಮ ವಿಷಯಕ್ಕೆ ನೇರವಾಗಿ ಸೇರಿದ್ದು. ಯಂತ್ರ ನಡೆಸುವಾಕೆ ಒಂದು ಅಕ್ಷರದ ಬದಲು ಇನ್ನೊಂದು ಅಕ್ಷರ ಒತ್ತಿದಳು, ಕೂಡಲೇ ಗಮನಿಸಿ ಕರ್ಸರ್ ಮೇಲಕ್ಕೆ ಒಯ್ದು ಸರಿಪಡಿಸಿದಳು. ಪರದೆಯ ಮೇಲೆ ತಿದ್ದಿದ್ದು ಕಂಡಿತು, ಯಂತ್ರದೊಳಗೆ ತಿದ್ದುಪಡಿ ಸರಿಯಾಗಿ ಇಳಿಯಲಿಲ್ಲ. ಆಗ ಪರದೆಯಲ್ಲಿ ಬಂದದ್ದು ‘ಮಾಲ್‌ಫಂಕ್ಷನ್ 54’ ಎಂಬ ಮಾತು ಮಾತ್ರ. 54 ಎಂದರೇನೆಂದು ಆಕೆಯ ಕೈಪಿಡಿಯಲ್ಲೂ ಇರಲಿಲ್ಲ. ಮುಂದುವರಿಸಲು ಒಂದು ಕೀ ಒತ್ತಿದರೆ ಸಾಕಿತ್ತು, ಒತ್ತಿದಳು. ನ್ಯಾನ್ಸಿ ಲೆವ್‌ಸನ್ ಮತ್ತು ಕ್ಲಾರ್ಕ್ ಟರ್ನರ್ 1993ರಲ್ಲಿ ಈ ಅಪಘಾತಗಳ ಬಗ್ಗೆ ಬರೆದ ತನಿಖಾ ಲೇಖನವನ್ನು ಇಂದಿಗೂ ತಂತ್ರಾಂಶ ಕಲಿಯುವವರಿಗೆ ಓದಿಸುತ್ತಾರೆ. ನಿನ್ನ ಆಟದಿಂದ ಯಾರ ಜೀವಕ್ಕೂ ಏನೂ ಆಗುವುದಿಲ್ಲ, ನಿಜ. ಆದರೆ ಟೈಪ್ ಮಾಡುವ ಕೈ ತಪ್ಪುತ್ತದೆ, ತಿದ್ದುತ್ತದೆ, ಅವಸರ ಮಾಡುತ್ತದೆ ಎಂಬುದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವ ಅಭ್ಯಾಸ ಇಂಥ ಸಣ್ಣ ಆಟದಲ್ಲೇ ಬೆಳೆಯಬೇಕು. ನಾಳೆ ನೀನು ಬರೆಯುವ ಕೋಡ್ ಆಸ್ಪತ್ರೆಯಲ್ಲೋ ಬ್ಯಾಂಕಿನಲ್ಲೋ ಓಡಬಹುದು.

ಹಾಗಾಗಿ ಎರಡು ತಪ್ಪಿಗೆ ಎರಡು ಮಾತು ಇರಲಿ. ‘ಐವತ್ತು’ ಎಂದು ಬರೆದವರಿಗೆ ಅಂಕಿ ಬೇಕು ಎಂದು ಹೇಳು. 500 ಎಂದು ಬರೆದವರಿಗೆ ‘500 ದೊಡ್ಡದಾಯಿತು, 1ರಿಂದ 100ರೊಳಗೆ ಹೇಳಿ’ ಎಂದು ಅವರು ಬರೆದದ್ದನ್ನೇ ತೋರಿಸಿ ಹೇಳು. ಇನ್ನೊಂದು, ನಿನ್ನ ಆಟದಲ್ಲಿ ಏಳು ಅವಕಾಶ ಕೊಟ್ಟಿದ್ದೀಯ. ಅದು ಸರಿಯಾದ ಲೆಕ್ಕ. ಪ್ರತಿ ಸಲ ಉಳಿದ ಸಂಖ್ಯೆಗಳ ನಡುವಿನದನ್ನೇ ಊಹಿಸುತ್ತ ಹೋದರೆ 100ರೊಳಗಿನ ಯಾವ ಸಂಖ್ಯೆಯೂ ಏಳರೊಳಗೆ ಸಿಗುತ್ತದೆ. ಆದರೆ ನೀನು ಅವಕಾಶದ ಲೆಕ್ಕವನ್ನು ಊಹೆ ಕೇಳುವ ಮೊದಲೇ ಏರಿಸುತ್ತಿದ್ದೀಯ. ಈಗಿರುವಂತೆಯೇ ಬಿಟ್ಟು ಸುತ್ತ ‘ಟ್ರೈ’ ಹಾಕಿದರೆ, ಕೈತಪ್ಪಿ ಎಂಟರ್ ಒತ್ತಿದವರ ಒಂದು ಅವಕಾಶ ಹೋಗುತ್ತದೆ. ಏಳರಲ್ಲಿ ಒಂದು ಹೋದರೆ ಚೆನ್ನಾಗಿ ಆಡಿದವರೂ ಸೋಲಬಹುದು. ‘ಸಂಖ್ಯೆ_ಕೇಳು’ ಸರಿಯಾದ ಸಂಖ್ಯೆ ಕೊಟ್ಟ ಮೇಲೆಯೇ ಲೆಕ್ಕ ಏರಲಿ.

‘ಟ್ರೈ’ ಯಾಕೆ, ಪದದಲ್ಲಿ ಅಂಕಿಗಳೇ ಇವೆಯೇ ಎಂದು ‘ಈಸ್‌ಡಿಜಿಟ್’ ಕೇಳಿದರೆ ಸಾಲದೇ ಎಂದು ನಿನ್ನ ಗೆಳತಿ ಹೇಳಿದಳಂತೆ. ಸಾಲದು. ಮೈನಸ್ 5 ಎಂದು ಬರೆದರೆ ‘ಈಸ್‌ಡಿಜಿಟ್’ ಅದನ್ನು ಅಂಕಿಯಲ್ಲ ಎನ್ನುತ್ತದೆ, ಸಂಖ್ಯೆ ಬರೆದವರಿಗೆ ‘ಸಂಖ್ಯೆ ಬರೆಯಿರಿ’ ಎಂಬ ಉತ್ತರ ಸಿಗುತ್ತದೆ. 50ರ ಹಿಂದೆಯೋ ಮುಂದೆಯೋ ಒಂದು ಸ್ಪೇಸ್ ಬಿದ್ದರೂ ಅದೇ ಪಾಡು. ‘ಇಂಟ್’ ಆದರೆ ಅಕ್ಕಪಕ್ಕದ ಸ್ಪೇಸ್ ತಾನೇ ತೆಗೆದು ಓದಿಕೊಳ್ಳುತ್ತದೆ. ತದ್ವಿರುದ್ಧವೂ ಇದೆ. ವರ್ಗದ ಗುರುತಾಗಿ ಮೇಲೆ ಬರೆಯುವ ಪುಟ್ಟ 2 ಇದೆಯಲ್ಲ, ಅದನ್ನು ‘ಈಸ್‌ಡಿಜಿಟ್’ ಅಂಕಿ ಎಂದು ಒಪ್ಪುತ್ತದೆ, ‘ಇಂಟ್’ ಒಪ್ಪದೆ ಎರರ್ ಕೊಡುತ್ತದೆ. ಸಂಖ್ಯೆಯಾಗುತ್ತದೆಯೇ ಎಂದು ತಿಳಿಯಲು ಸಂಖ್ಯೆ ಮಾಡಿಯೇ ನೋಡುವುದು ಪೈಥಾನ್ ಬಲ್ಲವರ ರೂಢಿ.

ಇದರಲ್ಲಿ ನಮಗೆ ಸಂತೋಷದ ಸಂಗತಿಯೊಂದಿದೆ. ಆಡುವವರು ಕನ್ನಡ ಕೀಬೋರ್ಡಿನಲ್ಲಿ ‘೫೦’ ಎಂದು ಒತ್ತಿದರೆ ‘ಇಂಟ್’ ಅದನ್ನು ಐವತ್ತೆಂದೇ ಓದುತ್ತದೆ. ನೀನು ಒಂದು ಸಾಲನ್ನೂ ಸೇರಿಸಬೇಕಿಲ್ಲ. ಯೂನಿಕೋಡ್‌ನಲ್ಲಿ ದಶಮಾನ ಅಂಕಿಗಳೆಂದು ಗುರುತಿಸಿರುವ ಎಲ್ಲ ಲಿಪಿಗಳ ಅಂಕಿಗಳನ್ನೂ ಪೈಥಾನ್ ಹೀಗೆ ಓದುತ್ತದೆ. ಅಜ್ಜಿಯ ಫೋನಿನಲ್ಲಿ ಕನ್ನಡ ಅಂಕಿಗಳೇ ಇವೆ, ಅವರೂ ಆಡಬಹುದು.

ಆದರೆ ಅಕ್ಷರಗಳ ವಿಷಯದಲ್ಲಿ ಇಷ್ಟು ಸಲೀಸಿಲ್ಲ. ನಿನ್ನ ಆಟ ಮೊದಲು ಹೆಸರು ಕೇಳುತ್ತದೆ, ಹೆಸರಿನಲ್ಲಿ ಅಕ್ಷರ ಮಾತ್ರ ಇರಲಿ ಎಂದು ನೀನು ‘ಈಸ್‌ಆಲ್ಫಾ’ ಹಾಕಿದ್ದೀಯ. ಇಂಗ್ಲಿಷ್ ಪಾಠದಿಂದ ಎತ್ತಿಕೊಂಡದ್ದು ಎಂದು ನೋಡಿದ ಕೂಡಲೇ ಗೊತ್ತಾಯಿತು. ‘ಕಮಲ’ ಎಂದು ಬರೆದವರನ್ನು ಅದು ಒಳಗೆ ಬಿಡುತ್ತದೆ, ‘ಕಮಲಾ’ ಎಂದು ಬರೆದವರನ್ನು ತಡೆಯುತ್ತದೆ. ಯೂನಿಕೋಡ್ ಲೆಕ್ಕದಲ್ಲಿ ಕ, ಮ, ಲ ಅಕ್ಷರಗಳು, ಆದರೆ ದೀರ್ಘದ ಚಿಹ್ನೆ, ಕೊಂಬು, ಗುಡಿಸು, ಅರ್ಧಾಕ್ಷರದ ಚಿಹ್ನೆ, ಸೊನ್ನೆ ಇವೆಲ್ಲ ಅಕ್ಷರವಲ್ಲ, ಅಕ್ಷರಕ್ಕೆ ಅಂಟುವ ಗುರುತುಗಳು. ‘ಈಸ್‌ಆಲ್ಫಾ’ ಗುರುತುಗಳನ್ನು ಒಪ್ಪುವುದಿಲ್ಲ. ಕನ್ನಡದ ಹೆಸರುಗಳಲ್ಲಿ ಗುಣಿತವೋ ಒತ್ತಕ್ಷರವೋ ಇಲ್ಲದವು ಎಷ್ಟಿವೆ ಹೇಳು? ಆಟಕ್ಕೆ ಬಂದವರಿಗೆ ಅವರ ಹೆಸರೇ ತಪ್ಪು ಎಂದು ಹೇಳುವುದು ದೊಡ್ಡ ಅವಮರ್ಯಾದೆ. ಹೆಸರಿಗೆ ಆ ಪರೀಕ್ಷೆಯೇ ಬೇಡ. ‘ಸ್ಟ್ರಿಪ್’ ಮಾಡಿ ಹಿಂದುಮುಂದಿನ ಸ್ಪೇಸ್ ತೆಗೆ, ಖಾಲಿಯಿದ್ದರೆ ಮಾತ್ರ ಮತ್ತೆ ಕೇಳು, ಉಳಿದದ್ದನ್ನು ಅವರು ಬರೆದಂತೆಯೇ ಸ್ವೀಕರಿಸು.

ಮುಂದೆ ಪದ ಊಹಿಸುವ ಆಟವನ್ನು ಕನ್ನಡದಲ್ಲಿ ಮಾಡಬೇಕೆಂಬ ಆಸೆಯಿದೆ ಎಂದೆಯಲ್ಲ, ಅಲ್ಲಿ ಇದೇ ತೊಡಕು ಇನ್ನೂ ದೊಡ್ಡದಾಗಿ ಎದುರಾಗುತ್ತದೆ. ‘ಕನ್ನಡ’ ಎಂಬ ಪದದ ಉದ್ದ ಎಷ್ಟೆಂದು ‘ಲೆನ್’ ಕೇಳಿದರೆ 5 ಎನ್ನುತ್ತದೆ. ನಮ್ಮ ಕಣ್ಣಿಗೆ ಕ, ನ್ನ, ಡ ಮೂರೇ. ನ್ನ ಒಂದರಲ್ಲೇ ನಕಾರ, ಅರ್ಧಾಕ್ಷರದ ಚಿಹ್ನೆ, ಮತ್ತೊಂದು ನಕಾರ ಎಂದು ಮೂರು ಸಂಕೇತಗಳಿವೆ. ‘ಒಂದೇ ಅಕ್ಷರ ಬರೆಯಿರಿ’ ಎಂದು ಕೇಳಿ, ಉದ್ದ 1 ಇರಬೇಕೆಂದು ಪರೀಕ್ಷಿಸಿದರೆ, ‘ನ್ನ’ ಎಂದು ಸರಿಯಾಗಿ ಊಹಿಸಿದವರನ್ನೇ ನಿನ್ನ ಆಟ ಹಿಂದಕ್ಕೆ ಕಳಿಸುತ್ತದೆ. ಪದವನ್ನು ನಾವು ಓದುವ ಅಕ್ಷರಗಳಾಗಿ ಒಡೆಯುವ ಒಂದು ಫಂಕ್ಷನ್ ನೀನೇ ಬರೆಯಬೇಕು, ಅದು ಕಷ್ಟವಲ್ಲ. ಸಂಕೇತಗಳನ್ನು ಒಂದೊಂದಾಗಿ ನೋಡುತ್ತ ಹೋಗು. ಅದು ಗುರುತಾಗಿದ್ದರೆ ಹಿಂದಿನ ತುಂಡಿಗೆ ಅಂಟಿಸು. ಹಿಂದಿನ ತುಂಡು ಅರ್ಧಾಕ್ಷರದ ಚಿಹ್ನೆಯಲ್ಲಿ ಮುಗಿದಿದ್ದರೂ ಅಂಟಿಸು. ಎರಡೂ ಅಲ್ಲದಿದ್ದರೆ ಹೊಸ ತುಂಡು ಶುರುಮಾಡು. ಯಾವುದು ಗುರುತು ಎಂದು ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ಕೆಟಗರಿ’ ಫಂಕ್ಷನ್ ಹೇಳುತ್ತದೆ, ಅದರ ಉತ್ತರ ‘ಎಂ’ ಅಕ್ಷರದಿಂದ ಶುರುವಾದರೆ ಗುರುತು. ಆಮೇಲೆ ಆಡುವವರು ಬರೆದದ್ದನ್ನೂ ಇದೇ ಫಂಕ್ಷನ್‌ಗೆ ಕೊಟ್ಟು, ಒಂದೇ ತುಂಡು ಬಂತೇ ನೋಡಿದರೆ ಆಯಿತು.

ಕಣ್ಣಿಗೆ ಒಂದೇ ಥರ ಕಂಡರೂ ಒಳಗೆ ಬೇರೆಯಾಗಿರುವ ಪದಗಳೂ ಉಂಟು. ‘ಕೊ’ ಎಂಬುದರ ಒಕಾರ ಒಂದೇ ಸಂಕೇತವಾಗಿ ಬಂದಿರಬಹುದು, ಎರಡು ಗುರುತುಗಳ ಜೋಡಿಯಾಗಿಯೂ ಬಂದಿರಬಹುದು. ಪೈಥಾನ್‌ಗೆ ಎರಡೂ ಸಮವಲ್ಲ. ಹೋಲಿಸುವ ಮೊದಲು ಗುಟ್ಟಿನ ಪದವನ್ನೂ ಊಹೆಯನ್ನೂ ಅದೇ ‘ಯೂನಿಕೋಡ್‌ಡೇಟಾ’ ಮಾಡ್ಯೂಲಿನ ‘ನಾರ್ಮಲೈಸ್’ ಫಂಕ್ಷನ್‌ಗೆ ‘ಎನ್‌ಎಫ್‌ಸಿ’ ಎಂದು ಹೇಳಿ ಕೊಟ್ಟುಬಿಡು. ‘ಬಸ್’ನಂಥ ಪದಗಳ ಕೊನೆಗೆ ಕೆಲವು ಕೀಬೋರ್ಡುಗಳಿಂದ ಕಣ್ಣಿಗೆ ಕಾಣದ ಒಂದು ಸಂಕೇತ ಸೇರಿಕೊಳ್ಳುವುದುಂಟು. ಅರ್ಧಾಕ್ಷರ ಮುಂದಿನ ಅಕ್ಷರಕ್ಕೆ ಒತ್ತಾಗದಂತೆ ತಡೆಯುವುದು ಅದರ ಕೆಲಸ. ಅದು ಸ್ಪೇಸ್ ಅಲ್ಲದ್ದರಿಂದ ‘ಸ್ಟ್ರಿಪ್’ ಅದನ್ನು ಮುಟ್ಟುವುದಿಲ್ಲ. ಪದದ ಕೊನೆಯಲ್ಲಿ ಅದಿದ್ದರೆ ನೀನೇ ಗುರುತಿಸಿ ತೆಗೆಯಬೇಕು.

ಆಟ ಮುಗಿದ ಮೇಲೆ ‘ಮತ್ತೆ ಆಡುವಿರಾ’ ಎಂದು ಕೇಳುವ ಜಾಗ ನೋಡಿದೆ. ಉತ್ತರ ‘ಹೌದು’ಗೆ ಸಮವೇ ಆರ್ ‘ಹೂಂ’ ಎಂದು ಬರೆದಿದ್ದೀಯ. ನಾವು ಮಾತಾಡುವಾಗ ಅದು ಸರಿ, ಪೈಥಾನ್ ಹಾಗೆ ಓದುವುದಿಲ್ಲ. ಅದು ‘ಆರ್’ನ ಎರಡೂ ಕಡೆಯನ್ನು ಬೇರೆ ಬೇರೆ ಪ್ರಶ್ನೆಯಾಗಿ ನೋಡುತ್ತದೆ. ಬಲಗಡೆ ಬರಿಯ ‘ಹೂಂ’ ಎಂಬ ಸ್ಟ್ರಿಂಗ್ ಇದೆ, ಖಾಲಿಯಲ್ಲದ ಸ್ಟ್ರಿಂಗ್ ಯಾವಾಗಲೂ ನಿಜವೆಂದೇ ಲೆಕ್ಕ. ಆದ್ದರಿಂದ ‘ಬೇಡ’ ಎಂದರೂ ಆಟ ಮತ್ತೆ ಶುರುವಾಗುತ್ತದೆ. ಒಪ್ಪಬೇಕಾದ ಉತ್ತರಗಳನ್ನೆಲ್ಲ ಒಂದು ಲಿಸ್ಟ್‌ನಲ್ಲಿ ಇಟ್ಟು, ಉತ್ತರ ಅದರಲ್ಲಿದೆಯೇ ಎಂದು ‘ಇನ್’ ಬಳಸಿ ಕೇಳು. ಲಿಸ್ಟ್ ಎಂದೆ, ನೆನಪಿರಲಿ. ಲಿಸ್ಟ್ ಬದಲು ‘ಹೌದು’ ಎಂಬ ಸ್ಟ್ರಿಂಗ್‌ನೊಳಗೇ ‘ಇನ್’ ಹಾಕಿದರೆ ಖಾಲಿ ಎಂಟರ್ ಕೂಡ ‘ಹೌದು’ ಆಗಿಬಿಡುತ್ತದೆ, ಏಕೆಂದರೆ ಖಾಲಿ ಸ್ಟ್ರಿಂಗ್ ಪ್ರತಿ ಸ್ಟ್ರಿಂಗ್‌ನೊಳಗೂ ಇದೆ ಎಂಬುದು ಪೈಥಾನ್ ನಿಯಮ. ಹೌದು, ಹೂಂ, ಆಯ್ತು, ಸರಿ ಇವೆಲ್ಲ ಲಿಸ್ಟ್‌ನಲ್ಲಿರಲಿ, ಇಂಗ್ಲಿಷಿನಲ್ಲಿ ಬರೆಯುವವರಿಗಾಗಿ ‘ಯೆಸ್’ ಮತ್ತು ಅದರ ಮೊದಲ ಅಕ್ಷರವೂ ಇರಲಿ. ಇಂಗ್ಲಿಷ್ ಉತ್ತರವನ್ನು ‘ಲೋವರ್’ ಮಾಡಿಕೊಂಡರೆ ದೊಡ್ಡಕ್ಷರ ಸಣ್ಣಕ್ಷರದ ಗೊಡವೆ ಇರುವುದಿಲ್ಲ.

ಉಳಿದದ್ದು ಚಿಕ್ಕದು. ತಪ್ಪು ಬಂದಾಗ ಲೂಪ್ ಬದಲು ಫಂಕ್ಷನ್ ತನ್ನನ್ನೇ ಮತ್ತೆ ಕರೆಯುವಂತೆ ಬರೆಯಬೇಡ. ಅಲ್ಲಿ ‘ರಿಟರ್ನ್’ ಮರೆತರೆ ಕೊನೆಗೆ ಬರುವುದು ‘ನನ್’, ಅಂದರೆ ‘ಏನೂ ಇಲ್ಲ’ ಎಂಬ ಬೆಲೆ, ಆಮೇಲೆ ಎಲ್ಲೋ ದೂರದಲ್ಲಿ ಎರರ್. ಕಂಟ್ರೋಲ್ ಮತ್ತು ಡಿ ಒತ್ತಿ ಇನ್‌ಪುಟ್ ಮುಗಿಸಿದವರಿಗೆ ‘ಇಒಎಫ್‌ಎರರ್’ ಬರುತ್ತದೆ. ಅದನ್ನೂ ಕೀಬೋರ್ಡ್‌ಇಂಟರಪ್ಟನ್ನೂ ಆಟದ ತೀರಾ ಹೊರಗಿನ ಸುತ್ತಿನಲ್ಲಿ ಹಿಡಿದು, ‘ಹೋಗಿ ಬನ್ನಿ’ ಎಂದು ಹೇಳಿ ನಿಲ್ಲಿಸಿಬಿಡು.

ಇಷ್ಟಾದ ಮೇಲೆ ಆಟವನ್ನು ಕೆಡಿಸಲೆಂದೇ ಕೂತು ಆಡು. ಖಾಲಿ ಎಂಟರ್, ಬರೀ ಸ್ಪೇಸ್, 0, 101, ಮೈನಸ್ 5, 50.0, ೫೦, ಐವತ್ತು, ಇಪ್ಪತ್ತು ಅಂಕಿಯ ಒಂದು ಸಂಖ್ಯೆ, ಎಲ್ಲ ಒತ್ತಿ ನೋಡು. 50.0 ಎಂದವರಿಗೆ ಏನು ಹೇಳಬೇಕೆಂದು ನೀನೇ ತೀರ್ಮಾನಿಸು. ಅದನ್ನು ಐವತ್ತೆಂದು ಒಪ್ಪಿದರೂ ಸರಿ, ದಶಾಂಶ ಬೇಡ ಎಂದರೂ ಸರಿ, ಆದರೆ ನೀನು ಆಲೋಚಿಸಿ ಆರಿಸಿದ್ದಾಗಿರಲಿ. ಆಮೇಲೆ ತಮ್ಮನನ್ನು ಕರೆದು ಕೂರಿಸು. ಅವನು ಆಡುವಾಗ ಏನೂ ಹೇಳಿಕೊಡಬೇಡ, ಏನು ಒತ್ತುತ್ತಾನೆ, ಎಲ್ಲಿ ತಡವರಿಸುತ್ತಾನೆ ಎಂದು ಒಂದು ಹಾಳೆಯಲ್ಲಿ ಬರೆದುಕೊ. ಆ ಹಾಳೆಯನ್ನೂ ತಿದ್ದಿದ ಕೋಡನ್ನೂ ನನಗೆ ಕಳಿಸು, ಹಾಳೆಯನ್ನು ಮೊದಲು ಓದುತ್ತೇನೆ.